ಏಳು ಮನೆಯ ಊಟ, ಒಂದು ವಿಷಯ

ಸಿರುಗುಪ್ಪದಿಂದ ಓದಲು ಬಳ್ಳಾರಿಗೆ ಬಂದ ನನಗೆ ವಾರಾನ್ನವೇ ಗತಿ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು. ಕೇಳಿದವರು ಅದೃಷ್ಟವಂತ ಎನ್ನುತ್ತಿದ್ದರು. ಉಂಡ ಎಲೆ ಎತ್ತಿ, ಗೋಮಯ ಹಚ್ಚಿ ಹೊರಬಿದ್ದರೆ ಮುಂದಿನ ವಾರದ ತನಕ ಆ ಮನೆಯಲ್ಲಿ ನನ್ನ ನೆನಪು ಯಾರಿಗೂ ಇರುತ್ತಿರಲಿಲ್ಲ.

ಕಾಲೇಜಿನ ಮೊದಲ ಎರಡು ವರ್ಷದ ಎಫ್.ಎ. ಪಾಸಾಯಿತು. ಮದರಾಸಿನಲ್ಲಿ ಬಿ.ಎ. ಓದಬೇಕಾದರೆ ಅರ್ಜಿಯಲ್ಲಿ ಒಂದು ಐಚ್ಛಿಕ ವಿಷಯ ಬರೆಯಬೇಕು. ಅನ್ನ ಹಾಕಿದವರಿಗೆಲ್ಲ ಅದರಲ್ಲಿ ಹಕ್ಕಿತ್ತು. ಸೋಮವಾರದ ವಕೀಲರು ಇತಿಹಾಸ ಎಂದರು. ಮುಂದೆ ಕಾನೂನಿಗೆ ಅನುಕೂಲ, ಮದರಾಸಿನಲ್ಲಿ ತಮ್ಮ ಷಡ್ಡಕರ ಮನೆಯಲ್ಲಿ ಇಳಿಸುತ್ತೇನೆ ಎಂದೂ ಹೇಳಿದರು. ಶುಕ್ರವಾರದ ಶಿರಸ್ತೇದಾರರು ಗಣಿತ ಎಂದರು. ಕುರುಗೋಡಿನಿಂದ ಬಂದಿದ್ದ ಭಾವ, ತಹಶೀಲ್ದಾರನಾಗಲು ಯಾವುದು ಬೇಕೋ ಅದನ್ನು ಬರೆ ಎಂದು ಅಪ್ಪಣೆ ಕೊಟ್ಟು ಹೋದರು. ನಾನು ಎಲ್ಲರಿಗೂ ಆಗಲಿ ರೀ ಎಂದೆ. ಅವರ ಅನ್ನ ಬಾಯಲ್ಲಿರುವಾಗ ಬೇರೇನು ಹೇಳುವುದು?

ನನಗೆ ಬೇಕಾಗಿದ್ದದ್ದು ಆಗಿನ ಬಿ.ಎ.ಯಲ್ಲೇ ಇದ್ದ ಕಲ್ಲುಮಣ್ಣು, ಗಿಡಮರಗಳ ಪ್ರಕೃತಿಶಾಸ್ತ್ರ. ರಜೆ ಬಂದರೆ ಸಂಗನಕಲ್ಲಿನ ಗುಡ್ಡ ಹತ್ತಿ ಒಬ್ಬನೇ ಕಲ್ಲು ಆರಿಸುತ್ತಿದ್ದೆ. ಅದನ್ನೋದಿ ಏನಾಗುತ್ತೀ ಎಂದು ಎಲ್ಲರೂ ಕೇಳುವವರೇ. ಅದಕ್ಕೇ ಯಾರಿಗೂ ಹೇಳಿರಲಿಲ್ಲ.

ಬುಧವಾರದ ಮನೆ ಒಬ್ಬ ಅಜ್ಜಿಯದು. ಮಡಿಯುಟ್ಟು ಒಬ್ಬರೇ ಅಡುಗೆ ಮಾಡಿ ಬಡಿಸುತ್ತಿದ್ದರು. ಅಂದು ಸಾರು ಬಡಿಸುತ್ತ ಕೇಳಿದರು: "ಎಲ್ಲಾರೂ ಹೇಳ್ಯಾರ. ನಿನಗ ಏನು ಓದಬೇಕಂತ ಅನಸ್ತದಪಾ?"

ಹೇಳಿಬಿಟ್ಟೆ. ಬಳ್ಳಾರಿಗೆ ಬಂದಮೇಲೆ ಅಷ್ಟು ಹೊತ್ತು ನಾನು ಯಾರ ಜೊತೆಗೂ ಮಾತಾಡಿರಲಿಲ್ಲ. ಸಾರು ಆರಿಹೋಯಿತು.

"ಹಂಗಾದ್ರ ಅದನ್ನ ಬರಿ. ಯಾರರ ಬೈದ್ರ ನನ್ನ ಹೆಸರು ಹೇಳು" ಎಂದರು.

ಸೋಮವಾರ ವಕೀಲರು ಎಲೆ ಹಾಕುವ ಮುಂಚೆಯೇ ಅರ್ಜಿಯನ್ನೂ ಮಸಿಕುಡಿಕೆಯನ್ನೂ ಮುಂದಿಟ್ಟರು. ಇತಿಹಾಸ ಎಂದು ಬರೆದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಹೊಟ್ಟೆ ತುಂಬ ಉಂಡೆ.

ಬುಧವಾರ ಅಜ್ಜಿಗೆ ಮುಖ ತೋರಿಸಲಾಗದೆ ಊಟಕ್ಕೆ ಹೋಗಲಿಲ್ಲ. ಕೋಟೆಯ ಗೋಡೆಗೆ ಒರಗಿ ಹಸಿದುಕೊಂಡು ಕೂತೆ. ಮಾಡಿದ್ದಕ್ಕೆ ತಕ್ಕ ಶಿಕ್ಷೆ ಪಡುತ್ತಿದ್ದೇನೆಂದು ಒಳಗೊಳಗೇ ಸಮಾಧಾನವೂ ಆಯಿತು. ಮರುದಿನ ಅಜ್ಜಿಯ ಪಕ್ಕದ ಮನೆಯವರು ಬೀದಿಯಲ್ಲಿ ತಡೆದು ನಿಲ್ಲಿಸಿದರು.

"ಬರಂಗಿಲ್ಲಂತ ಒಂದು ಮಾತು ಹೇಳಬಾರದೇನಲೇ? ಎಲಿ ಹಾಕಿ ಸಂಜಿತನಕ ಕುಂತಿದ್ರು ಅಜ್ಜಿ. ವಾರದ ಹುಡುಗ ಉಣಲಾರದ ತಾವು ಹೆಂಗ ಉಂಡಾರು? ಹಂಗ ಮಲಗಿದ್ರು."