ಬಿಚ್ಚಿಕೊಳ್ಳದ ಪೆಟ್ಟಿಗೆ

ಮಹಡಿಯ ಕೋಣೆ ನೋಡಲು ಬಂದ ದಿನವೇ ಆ ಹುಡುಗಿ ಅಜ್ಜಿಗೆ ಹಿಡಿಸಿದ್ದಳು. ನೀರು, ಗಾಳಿ ಏನನ್ನೂ ಕೇಳದೆ, ಮೇಜು ಹಿಡಿಸುತ್ತದೆಯೇ ಎಂದು ಗೋಡೆಯನ್ನು ಗೇಣು ಹಾಕಿ ಅಳೆದಿದ್ದಳು. ಗಂಡನ ಜತೆ ನಲವತ್ತು ವರ್ಷ ದಿಂಬು ಮಾಡಿ ಮಾರಿದ ಅಜ್ಜಿಗೆ ಅಳತೆ ಹಿಡಿಯುವವರೆಂದರೆ ಜೀವ.

ಹುಡುಗಿಯದು ಕಂಪ್ಯೂಟರ್ ಕೆಲಸ. ಜಾವಾ ಎಂಬ ಭಾಷೆಯಲ್ಲಿ ಬ್ರೌಸರಿನ ಪುಟಗಳನ್ನು ಕಟ್ಟುವುದು. ಕೆಲಸ ಕೆಟ್ಟರೆ ಪರದೆಯನ್ನೇ ಗದರುವಳು. ಕೆಳಗೆ ಅಕ್ಕಿ ಆರಿಸುತ್ತ ಕೂತ ಅಜ್ಜಿ, ಇವತ್ತು ಯಾರ ಗ್ರಹಚಾರ ಬಿಡಿಸುತ್ತಿದ್ದಾಳೋ ಎಂದು ನಗುವಳು.

ಒಂದು ಬೆಳಿಗ್ಗೆ ಮೇಲೆ ಗದರಿಕೆಯೇ ಇಲ್ಲ. ಹುಡುಗಿ ಲ್ಯಾಪ್‌ಟಾಪ್ ಅಪ್ಪಿಕೊಂಡು ಇಳಿದು ಬಂದಳು. ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ, ಒಂದು ಆಸ್ಪತ್ರೆಯ ಚೀಟಿ ಕೌಂಟರಿನದು. ಗುಂಡಿ ಒತ್ತಿದರೆ ರೋಗಿಯ ಹೆಸರು, ವಯಸ್ಸು ತುಂಬುವ ಚಿಕ್ಕ ಚೌಕ, ಅವಳ ಮಾತಿನಲ್ಲಿ ಡೈಲಾಗ್ ಪೆಟ್ಟಿಗೆ, ಪರದೆಯ ಮೇಲೆ ತೆರೆಯಬೇಕು. ಅದು ಮುದುಡಿಕೊಂಡು ಕೂತಿತ್ತು. ಮೂರು ಗಂಟೆಗೆ ಆಸ್ಪತ್ರೆಯವರು ನೋಡುತ್ತಾರೆ. ಆಗದಿದ್ದರೆ ಕೆಲಸ ಬೇರೆಯವರ ಪಾಲು. ನೋಡಿ ನೋಡಿ ತನ್ನ ಕಣ್ಣು ಸೋತಿದೆ, ಕಂಡದ್ದನ್ನು ಕಂಡ ಹಾಗೆ ಹೇಳಿ ಎಂದಳು.

ಅಕ್ಷರ ಕೂಡಿಸಿ ಓದುವ ಅಜ್ಜಿ ಕನ್ನಡಕ ಒರೆಸಿಕೊಂಡು ಗುಂಡಿ ಒತ್ತಿದಳು.

"ಮೇಲೊಂದು ಪಟ್ಟಿ. ಕೆಳಗೆ ದಾರದಷ್ಟು ಬಿಳಿ. ಅಷ್ಟೇ ಕಣಮ್ಮ. ಇದು ಎಷ್ಟು ಎತ್ತರ ಇರ್ಬೇಕು ಅಂತ ಹೇಳಿದೀಯ?"

"ಒಳಗಿರೋದಕ್ಕೆ ತಕ್ಕಷ್ಟು ಅಂತ."

"ಒಳಗಿರೋದಕ್ಕೆ?"

"ಪೆಟ್ಟಿಗೆ ಎಷ್ಟಿದೆಯೋ ಅಷ್ಟು ಅಂತ..." ಹುಡುಗಿ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು.

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ನಾವೂ ಹಿಂಗೇ ಮಾಡಿದ್ವಿ. ದಿಂಬಿನ ಅಳತೆಗೆ ಕವರು ಹೊಲಿಯೋಣ ಅಂತ ನಾನು, ಕವರಿನ ಅಳತೆಗೆ ಹತ್ತಿ ತುಂಬೋಣ ಅಂತ ನಮ್ಮ ಯಜಮಾನ್ರು. ವಾರ ಆದ್ಮೇಲೆ ಗಿರಾಕಿ ಬಂದ್ರೆ ದಿಂಬೂ ಇಲ್ಲ, ಕವರೂ ಇಲ್ಲ."

ಹುಡುಗಿ ಒಂದು ಸಾಲು ಅಳಿಸಿದಳು. ಇನ್ನು ಒಳಗಿನದು ತನಗೆ ಬೇಕಾದಷ್ಟು ಎತ್ತರ ನಿಲ್ಲುವುದು, ಪೆಟ್ಟಿಗೆ ಅದನ್ನು ಸುತ್ತುವರಿಯುವುದು. ಈ ಸಲ ಒತ್ತಿದಾಗ ಪೆಟ್ಟಿಗೆ ಸೊಗಸಾಗಿ ಬಿಚ್ಚಿಕೊಂಡಿತು. ಹುಡುಗಿ ಕುಣಿಯಲು ಎದ್ದಳು.

ಅಜ್ಜಿ ಏಳಲಿಲ್ಲ. ಓದಲಾಗದೆ ಅಕ್ಷರ ದೊಡ್ಡದು ಮಾಡಿಸಿಕೊಂಡು ಬೆರಳಿಟ್ಟು ನೋಡಿ, ಎಲ್ಲ ತುಂಬಿದ ಮೇಲೆ ಒತ್ತುವುದೇನನ್ನು ಎಂದಳು. ತುಂಬಿದ್ದನ್ನು ಉಳಿಸುವ ಗುಂಡಿ ಪರದೆಯ ಅಂಚಿನ ಕೆಳಗೆ ಜಾರಿತ್ತು. ಕೌಂಟರಿನ ಪರದೆಯೂ ಚಿಕ್ಕದೇ ಎಂಬುದು ಹುಡುಗಿಗೆ ಆಗ ನೆನಪಾಯಿತು. ಮಧ್ಯದ ಭಾಗ ಮಾತ್ರ ಮೇಲೆ ಕೆಳಗೆ ಸರಿಯುವಂತೆ, ಗುಂಡಿಗಳು ಬುಡದಲ್ಲಿ ಕದಲದಂತೆ ಕೂರಿಸಿ, ಗುಟುಕು ನೀರು ಕುಡಿದು ಆಸ್ಪತ್ರೆಗೆ ಓಡಿದಳು.

ಐದಕ್ಕೆ ತಿರುಗಿ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. ಕೌಂಟರಿನಾಕೆ ಹತ್ತು ಸಲ ಒತ್ತಿ ನೋಡಿ ಆಗಬಹುದು ಎಂದು ತಲೆಯಾಡಿಸಿದಳಂತೆ.

"ಇನ್ನೂ ಹನ್ನೊಂದು ಪೆಟ್ಟಿಗೆ ಮಾಡೋಕೆ ಕೊಟ್ಟಿದಾರೆ ಅಜ್ಜಿ. ಒಂದೊಂದನ್ನೂ ಮೊದಲು ನೀವೇ ಒತ್ತಿ ನೋಡ್ತೀರಾ?"