ಸಿಗ್ನಲ್ ಸಾಲದ ನಾಲ್ಕು ವರ್ಷ

ಆಸ್ಪತ್ರೆಯ ವರ್ಕ್‌ಶಾಪಿನಲ್ಲಿ ಎಲ್ಲರೂ ಅವನನ್ನು ಬೋಲ್ಟು ಎಂದೇ ಕರೆಯುತ್ತಿದ್ದರು. ಸ್ಟ್ರೆಚರಿನ ಚಕ್ರ, ಗಾಲಿಕುರ್ಚಿಯ ಬ್ರೇಕು, ರೋಗಿಯ ತಲೆ ಎತ್ತಿ ಇಳಿಸುವ ಹಾಸಿಗೆಯ ಮೋಟರು, ಇಪ್ಪತ್ತಾರು ವರ್ಷಗಳಿಂದ ಅವನ ಕೈಗೆ ಇವೇ ಕೆಲಸ. ಸಡಿಲವಾದದ್ದನ್ನು ಬಿಗಿ ಮಾಡುವುದರಲ್ಲಿ ಅವನದು ಎತ್ತಿದ ಕೈ. ನಾಲಿಗೆಯೊಂದನ್ನು ಬಿಗಿ ಹಿಡಿಯಲು ಮಾತ್ರ ಅವನು ಕಲಿಯಲೇ ಇಲ್ಲ.

ಹವ್ಯಾಸಕ್ಕಾಗಿ ನಿಸ್ತಂತುವಿನಲ್ಲಿ ಮಾತಾಡುವ ಹ್ಯಾಮ್ ರೇಡಿಯೊದ ಹುಚ್ಚು ಅವನಿಗೆ ಹಿಡಿಸಿದವನು ಅಣ್ಣ. ಅಪ್ಪ ಬೈಯುತ್ತಿದ್ದರೂ ಊಟದ ತಟ್ಟೆಯ ಅಂಚಿಗೆ ಚಮಚ ಬಡಿದು ತಮ್ಮನಿಗೆ ಮೋರ್ಸ್ ಸಂಕೇತದ ಅಕ್ಷರ ಕಲಿಸಿದವನು, ಲೈಸೆನ್ಸಿನ ಪರೀಕ್ಷೆಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದವನು. ಮುಂದೆ ಬೇರೆ ಬೇರೆ ಬಡಾವಣೆಗಳಲ್ಲಿ ಮನೆ ಮಾಡಿದರೂ, ಭಾನುವಾರ ಹ್ಯಾಮ್‌ಗಳ ಉಪಗ್ರಹ ತಲೆಯ ಮೇಲೆ ಹಾಯುವ ಹತ್ತು ಹನ್ನೆರಡು ನಿಮಿಷ ಇಬ್ಬರ ದನಿಯೂ ಅದರಲ್ಲಿ ಇರಲೇಬೇಕು.

ಆ ಉಪಗ್ರಹವನ್ನು ಬಳಸುವುದಕ್ಕೊಂದು ಮರ್ಯಾದೆಯಿದೆ. ಅದರ ಶಕ್ತಿ ಅಷ್ಟಕ್ಕಷ್ಟೆ. ಯಾರಾದರೂ ಜೋರು ಪವರ್ ಹಾಕಿದರೆ ಉಳಿದವರ ದನಿ ಅಡಗಿಹೋಗುತ್ತದೆ. ನಾಲ್ಕು ವರ್ಷಗಳ ಹಿಂದೆ ಅಣ್ಣ ಹೊಸ ಸೆಟ್ಟು ಕೊಂಡ ಖುಷಿಯಲ್ಲಿ ಹಾಗೇ ಮಾಡಿದ. ತಮ್ಮನಿಗೆ ಪಿತ್ತ ನೆತ್ತಿಗೇರಿತು.

"ಪವರ್ ಇಳಿಸಣ್ಣಾ! ಉಪಗ್ರಹ ಏನು ನಿಮ್ಮಪ್ಪನ ಆಸ್ತೀನಾ?"

ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದು ಕೇಳುತ್ತಿದ್ದವರಿಗೆಲ್ಲ ಗೊತ್ತಿತ್ತು. ಯಾರೋ ಮೈಕಿನಲ್ಲೇ ನಕ್ಕರು. ಅಂದು ಸುಮ್ಮನಾದ ಅಣ್ಣ ತಮ್ಮನ ಪಾಲಿಗೆ ಮತ್ತೆ ಬಾಯಿ ತೆರೆಯಲಿಲ್ಲ.

ಅಣ್ಣನ ಮನೆಗೆ ಹೋದರೆ ಅತ್ತಿಗೆ ಬಾಗಿಲಲ್ಲೇ ತಡೆದರು. "ಒಳಗೇ ಇದ್ದಾರಪ್ಪ, ಬರಲ್ವಂತೆ. ಎಲ್ಲರ ಮುಂದೆ ಅಂದಿದ್ದೀಯ, ಎಲ್ಲರ ಮುಂದೇನೇ ತಪ್ಪಾಯ್ತು ಅನ್ನಬೇಕಂತೆ."

ಅದಕ್ಕೂ ಅವನು ಸಿದ್ಧನಾದ. ಒಂದು ಕೈಯಲ್ಲಿ ಆಂಟೆನಾ, ಇನ್ನೊಂದರಲ್ಲಿ ಮೈಕು ಹಿಡಿದು, ಕಾಣದ ಉಪಗ್ರಹಕ್ಕೆ ಗುರಿಯಿಟ್ಟು ತಾರಸಿಯ ಮೇಲೆ ಸುತ್ತಿದ. ಕೈ ಸೋತು ಗುರಿ ಒಂಚೂರು ತಪ್ಪಿದರೆ ದನಿ ಕಡಿದುಹೋಗುತ್ತಿತ್ತು. ಎಷ್ಟು ಭಾನುವಾರ ತಪ್ಪಾಯ್ತೆಂದರೂ ಅಣ್ಣ ಉತ್ತರಿಸಲಿಲ್ಲ. "ಭಾವ ಏನಂದ್ರು?" ಎಂದು ಹೆಂಡತಿ ಕೇಳಿದಾಗಲೆಲ್ಲ ಅವನದು ಒಂದೇ ಮಾತು: "ಸಿಗ್ನಲ್ ಸಾಲ್ಲಿಲ್ಲ ಕಣೇ." ಹಾಗೆ ಹೇಳುವಾಗ ಅವನಿಗೆ ಸಮಾಧಾನವೂ ಆಗುತ್ತಿತ್ತು. ತಲುಪದ ಮಾತಿಗೆ ಉತ್ತರ ಬರಲಿಲ್ಲವೆಂದು ಅಣ್ಣನನ್ನು ಹೇಗೆ ದೂರುವುದು?

ಕೊನೆಗೆ ಆಂಟೆನಾ ತಾನಾಗಿಯೇ ತಿರುಗುವಂತೆ ಮಾಡಲು ಹೊರಟ. ಪಕ್ಕಕ್ಕೆ ತಿರುಗಿಸಲು ಗುಜರಿಯಿಂದ ಕಾರಿನ ವೈಪರ್ ಮೋಟರ್ ತಂದ. ಮೇಲೆ ಕೆಳಗೆ ಆಡಿಸಲು ಆಸ್ಪತ್ರೆ ಹರಾಜು ಹಾಕಿದ ಹಾಸಿಗೆಯ ಮೋಟರ್ ಕೊಂಡ. ಉಪಗ್ರಹ ಯಾವ ಗಳಿಗೆಯಲ್ಲಿ ಎಲ್ಲಿರುತ್ತದೆಂದು ಕಂಪ್ಯೂಟರು ಹೇಳಿದಂತೆ ಎರಡೂ ನಡೆಯಬೇಕು. ನಡೆಯಬೇಕಲ್ಲ! ಗೇರು ಸಡಿಲವಿದ್ದು, ಗಾಳಿ ಬೀಸಿದರೆ ಆಂಟೆನಾ ಕುಡಿದವನ ಹಾಗೆ ತಲೆಯಾಡಿಸುತ್ತಿತ್ತು. ಒಂದು ಸಲವಂತೂ ನಿಲ್ಲದೆ ತಿರುಗಿ, ತನ್ನ ಕೇಬಲನ್ನೇ ಕಂಬಕ್ಕೆ ಸುತ್ತಿಕೊಂಡು ಹರಿದುಹಾಕಿತು.

ಬಟ್ಟೆ ಒಣಹಾಕುತ್ತಿದ್ದ ಹೆಂಡತಿ, "ನಿಮ್ಮ ಹಾಗೇ ಇದೆ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ" ಎಂದಳು.

ಅವನಿಗೆ ನಗು ಬರಲಿಲ್ಲ. ಒಂದು ಸುತ್ತು ದಾಟಿದರೆ ಕರೆಂಟು ಕಡಿಯುವ ಸ್ವಿಚ್ಚು ಕೂರಿಸಿದ, ಗೇರನ್ನು ಬಿಗಿ ಮಾಡಿದ. ಹದಿನಾಲ್ಕು ತಿಂಗಳ ರಜಾದಿನಗಳೆಲ್ಲ ಅದಕ್ಕೇ ಹೋದವು.

ಎಲ್ಲ ಸರಿಹೋದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಉಪಗ್ರಹ ಮೇಲೇಳುತ್ತಲೇ ಆಂಟೆನಾ ಗುಂಯ್‌ಗುಡುತ್ತ ಅದರ ಬೆನ್ನು ಹಿಡಿಯಿತು. ಆ ಉಪಗ್ರಹಕ್ಕೆ ಮಾತು ಕಳಿಸುವವನು, ಅದು ಮೇಲೆ ಹೋಗಿ ಎಲ್ಲರಿಗೂ ಇಳಿದು ಬರುವುದನ್ನು ತಾನೂ ಹೆಡ್‌ಫೋನಿನಲ್ಲಿ ಕೇಳಬಹುದು. ಅಣ್ಣ ಯಾರೋ ಹಿರಿಯರೊಂದಿಗೆ ಹವಾಮಾನದ ಮಾತಾಡುತ್ತಿದ್ದ. ಅವನು ಉಸಿರು ಬಿಟ್ಟ ಸಂದಿಯಲ್ಲಿ ತಮ್ಮನು ಮೈಕಿನ ಗುಂಡಿ ಒತ್ತಿದ.

"ಅಣ್ಣಾ, ನಾನು. ಅವತ್ತು ಎಲ್ಲರ ಮುಂದೆ ಹಾಗಂದಿದ್ದು ತಪ್ಪಾಯ್ತು. ಎಲ್ಲರ ಮುಂದೇನೇ ಹೇಳ್ತಿದೀನಿ, ಕ್ಷಮಿಸು."

ಕೊನೆಯ ಅಕ್ಷರದವರೆಗೂ ಮಾತು ಸ್ವಚ್ಛವಾಗಿ ಅವನ ಕಿವಿಗೇ ಮರಳಿ ಬಂತು. ಒಂದು ಗರಗರ ಸದ್ದಿಲ್ಲ.

ಆ ಹಿರಿಯರೇ ಬಾಯಿ ಹಾಕಿದರು. "ನಿಮ್ಮ ತಮ್ಮ ಕರೀತಿದ್ದಾನಲ್ರೀ! ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ. ಉತ್ತರ ಕೊಡಿ."

ಅಣ್ಣನ ದನಿ ಬಂತು. ಚಮಚ ಬಡಿದು ಅಕ್ಷರ ಕಲಿಸಿದ್ದ ಅದೇ ನಿಧಾನದ ದನಿ.

"ಯಾರೂ ಇಲ್ವಲ್ಲ. ನಂಗೇನೂ ಕೇಳಿಸ್ತಿಲ್ಲ. ಅದಿರಲಿ, ನಿಮ್ಮ ಕಡೆ ಮಳೆ ಹೇಗಿದೆ ಹೇಳಿ."

ಇನ್ನೂ ಆರು ನಿಮಿಷ ಬಾಕಿಯಿತ್ತು. ಅವನು ಮೈಕು ಕೆಳಗಿಟ್ಟ. ಆಂಟೆನಾ ಕೂದಲೆಳೆಯಷ್ಟೂ ಗುರಿ ತಪ್ಪದೆ, ಉಪಗ್ರಹ ಮುಳುಗುವವರೆಗೆ ಅದನ್ನೇ ಹಿಂಬಾಲಿಸಿತು. ಇಷ್ಟು ಅಚ್ಚುಕಟ್ಟಾಗಿ ಮಾಡಬಾರದಿತ್ತು ಎಂದು ಅವನಿಗೆ ಅನ್ನಿಸಿತು.

ಹೆಂಡತಿ ಮೆಟ್ಟಿಲು ಹತ್ತಿ ಬಂದು ಅವನ ಮುಖ ನೋಡಿದಳು. "ಇವತ್ತೂ ಸಿಗ್ನಲ್ ಸಾಲ್ಲಿಲ್ವಾ?"

"ಸಾಲ್ತು ಕಣೇ" ಎಂದ. "ಚೆನ್ನಾಗೇ ಸಾಲ್ತು."