ಒಂದಡಿಗಿಂತ ಕಡಿಮೆ

ಕಳೆದ ಮೇ ತಿಂಗಳ ಒಂದು ಶನಿವಾರ ಡಲ್ಲಾಸ್‌ನಿಂದ ಹ್ಯೂಸ್ಟನ್‌ಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಪಕ್ಕದ ಸೀಟಿನ ಮೇಲೆ ಸುರುಳಿ ಸುತ್ತಿದ ನಕ್ಷೆಯೊಂದಿತ್ತು. ನಾನು ನೋಡಲು ಹೊರಟಿದ್ದ ವೃದ್ಧೆಯೊಡನೆ ಮಾತನಾಡಲೇಬಾರದು ಎಂದು ಆಫೀಸಿನ ವಕೀಲರು ಹೇಳಿದ್ದರು. ಎರಡು ವರ್ಷ ಅವರ ಮಾತು ಕೇಳಿದೆ. ವಿಧೇಯತೆಯಿಂದಲ್ಲ, ಪುಕ್ಕಲುತನದಿಂದ.

ನಾನು ರಸ್ತೆ ಎಂಜಿನಿಯರ್. ಮೈಸೂರಿನಲ್ಲಿ ಓದಿ ಬಂದು, ಇಪ್ಪತ್ತು ವರ್ಷದಿಂದ ಡಲ್ಲಾಸ್‌ನ ಒಂದು ಕಂಪನಿಯಲ್ಲಿ ಕುಳಿತು, ನೋಡಿರದ ಊರುಗಳಿಗೆ ರಸ್ತೆ ಬರೆಯುತ್ತೇನೆ. ಹಾಗೆ ಬರೆದದ್ದರಲ್ಲಿ ಒಂದು, ಅಮೆರಿಕದ ಪೂರ್ವಕ್ಕಿರುವ ಅಪಲೇಶಿಯನ್ ಬೆಟ್ಟಗಳ ನಡುವಿನ ಒಂದು ಸಣ್ಣ ಊರಿನದು. ಕಲ್ಲಿದ್ದಲಿನ ಗಣಿ ಮುಚ್ಚಿ ಆ ಊರು ಸೊರಗಿತ್ತು. ಆಸ್ಪತ್ರೆಗೆ ಹೋಗಬೇಕೆಂದರೆ ಬೆಟ್ಟ ಸುತ್ತಿಕೊಂಡು ಒಂದು ಗಂಟೆಯ ದಾರಿ. ಊರವರು ರಸ್ತೆ ಬೇಡ ಎಂದಿರಲಿಲ್ಲ. ರಸ್ತೆ ಬೇಕು, ಆದರೆ ಗುಡ್ಡದ ಮೇಲಿನ ಸ್ಮಶಾನ ಮುಟ್ಟಬೇಡಿ ಅಂದಿದ್ದರು, ಅಷ್ಟೇ. ನ್ಯಾಯವಾದ ಮಾತು. ಅದನ್ನು ನಡೆಸಿಕೊಡುವುದು ನನ್ನ ಕೆಲಸ.

ಆ ಬೆಟ್ಟದವರಿಗೆ ಒಂದು ಪದ್ಧತಿ ಇದೆ. ಪ್ರತಿ ಮೇ ತಿಂಗಳ ಒಂದು ಭಾನುವಾರ ಊರವರು, ಊರು ಬಿಟ್ಟು ಹೋದವರು ಎಲ್ಲ ಗುದ್ದಲಿ ಹಿಡಿದು ಗುಡ್ಡ ಹತ್ತುತ್ತಾರೆ. ಸಮಾಧಿಗಳ ಮೇಲಿನ ಹುಲ್ಲು ಕೆತ್ತಿ, ವರ್ಷದ ಮಳೆಗೆ ಇಳಿದುಹೋದ ಮಣ್ಣನ್ನು ಮತ್ತೆ ಏರಿಸಿ, ಒಂದೊಂದನ್ನೂ ದಿಬ್ಬ ಮಾಡಿ, ಹೂವಿಟ್ಟು, ಅಲ್ಲೇ ಕೂತು ಬುತ್ತಿ ಬಿಚ್ಚುತ್ತಾರೆ. ಇದನ್ನು ನಾನು ಫೈಲಿನಲ್ಲಿ ಓದಿದ್ದೆ. ಓದಿ, ಚೆನ್ನಾಗಿದೆ ಅಂದುಕೊಂಡು, ಪುಟ ತಿರುವಿದ್ದೆ.

ನೆಲದ ಎತ್ತರವನ್ನು ನಾವು ವಿಮಾನದಿಂದ ಅಳೆಸುತ್ತೇವೆ. ಮರಗಳ ಎಲೆ ಉದುರಿದ ಚಳಿಗಾಲದಲ್ಲಿ ಅಳೆದರೆ ನೆಲ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಬಿದ್ದ ಕೊಂಬೆ, ಪೊದೆ, ಇಲಿ ತೋಡಿದ ಮಣ್ಣು ಎಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ. ಹಾಗಾಗಿ ಒಂದಡಿಗಿಂತ ಕಡಿಮೆ ಉಬ್ಬುತಗ್ಗನ್ನು ಕಸ ಎಂದು ತಿಳಿದು ಕಂಪ್ಯೂಟರಿನಲ್ಲಿ ಒಂದೇ ಗುಂಡಿ ಒತ್ತಿ ಸಪಾಟು ಮಾಡುವುದು ನಮ್ಮಲ್ಲಿ ರೂಢಿ. ಎಲ್ಲರೂ ಮಾಡುತ್ತಾರೆ. ಕಾಗದದ ಮೇಲಿನ ಗೆರೆಗಳು ಅದರಿಂದ ಚೊಕ್ಕಟವಾಗುತ್ತವೆ. ಹೆಸರು ಕೆತ್ತಿದ ಕಲ್ಲುಗಳಿರುವ ದೊಡ್ಡ ಸಮಾಧಿಗಳನ್ನು ಜನ ಹೋಗಿ ಗುರುತಿಸಿ ಬಂದಿದ್ದರು. ಉಳಿದ ನೆಲ ನನ್ನ ಗುಂಡಿಯ ಪಾಲು.

ಆ ಕೆಲಸವನ್ನು ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಮಾಡಿದೆ. ನಮ್ಮೊಡನೇ ಇರುವ ಅಮ್ಮ ಎದುರಿಗೆ ಹುರುಳಿಕಾಯಿ ನಾರು ತೆಗೆಯುತ್ತಿದ್ದವರು ಬಗ್ಗಿ ಸ್ಕ್ರೀನ್ ನೋಡಿದರು.

"ಇದೇನೇ, ಒಬ್ಬಟ್ಟಿನ ಹೂರಣದ ಉಂಡೆ ಇಟ್ಟಹಾಗಿದೆ?"

"ಕಸ ಅಮ್ಮ. ಮೆಷಿನ್ ತಪ್ಪು ಓದಿರತ್ತೆ."

"ಕಸ ಸಾಲಾಗಿ ಬೀಳತ್ತಾ?"

"ಅಮ್ಮ, ನನ್ನ ಕೆಲಸ ನಂಗೆ ಗೊತ್ತು."

ಅಮ್ಮ ಹುರುಳಿಕಾಯಿಗೆ ಮರಳಿದರು. ನಾನು ಗುಂಡಿ ಒತ್ತಿದೆ. ಉಂಡೆಗಳು ಮಾಯವಾದವು.

ನನ್ನ ನಕ್ಷೆಯಲ್ಲಿ ರಸ್ತೆ ಗುಡ್ಡದ ಕೆಳಗೆ ಪಕ್ಕಕ್ಕೆ ಬಾಗಿ, ಸ್ಮಶಾನವನ್ನು ಮೇಲೆ ಬಿಟ್ಟು ಹೋಗುತ್ತಿತ್ತು. ಸುತ್ತ ಬೇಲಿ, ಹತ್ತಲು ಮೆಟ್ಟಿಲು, ಇತಿಹಾಸ ಹೇಳುವ ಫಲಕ. ಮಾರ್ಚ್ ಕೊನೆಯಲ್ಲಿ ಅದನ್ನು ಹಿಡಿದು ಅಲ್ಲಿಗೆ ಹೋದೆ. ಚರ್ಚಿನ ಹಾಲ್‌ನಲ್ಲಿ ಸಭೆ. ಜನ ನಕ್ಷೆಯ ಸುತ್ತ ನಿಂತು ತಲೆಯಾಡಿಸಿದರು. ಎಂಬತ್ತು ದಾಟಿದ ವೃದ್ಧೆಯೊಬ್ಬರು ಮಾತ್ರ, ಕೋಲೂರಿಕೊಂಡು ಬಂದವರು, ಬೆರಳನ್ನು ಬೇಲಿಯ ಗೆರೆಯ ಮೇಲೆ ಆಡಿಸುತ್ತ ಕೇಳಿದರು: "ಸೇಬಿನ ಮರ ಎಲ್ಲಿ?"

"ಈ ಹಾಳೆಯಲ್ಲಿ ಮರಗಳನ್ನು ತೋರಿಸಿಲ್ಲ ಮ್ಯಾಮ್," ಅಂದೆ.

"ಅದರ ಕೆಳಗೆ ನಮ್ಮ ಮಕ್ಕಳಿದ್ದಾರೆ. ಮೇಲೆ ಬಂಡೆ. ಸಣ್ಣ ಮಕ್ಕಳಿಗೆ ಅಷ್ಟು ಗಟ್ಟಿ ನೆಲ ಯಾಕೆ ಅಂತ ಕೆಳಗೇ ಮಲಗಿಸ್ತಿದ್ವಿ. ಎಲ್ಲಾ ಬೇಲಿಯೊಳಗೆ ಬಂದಿದೆಯಾ?"

"ಬಂದಿದೆ. ಎಲ್ಲಾ ಅಳೆದಿದ್ದೇವೆ."

"ಒಂದು ಸಲ ಬಾ, ತೋರಿಸ್ತೀನಿ. ಇಲ್ಲೇ, ಹತ್ತು ನಿಮಿಷ."

ಆ ಹತ್ತು ನಿಮಿಷ ನನ್ನ ಬಳಿ ಇರಲಿಲ್ಲ. ಮೂರು ಗಂಟೆಗೆ ಫ್ಲೈಟ್. ಮರುದಿನ ಡಲ್ಲಾಸ್‌ನಲ್ಲಿ ನಮ್ಮವರ ಯುಗಾದಿ ಕಾರ್ಯಕ್ರಮ, ಮಗಳ ಡ್ಯಾನ್ಸ್, ಐವತ್ತು ಜನಕ್ಕೆ ಬಿಸಿಬೇಳೆಬಾತ್ ತರುತ್ತೇನೆಂದು ದೊಡ್ಡಸ್ತಿಕೆಯಿಂದ ಒಪ್ಪಿಕೊಂಡಿದ್ದೆ. "ನಕ್ಷೆಯಲ್ಲಿದೆ, ಚಿಂತೆ ಮಾಡಬೇಡಿ," ಎಂದು ಅವರ ಕೈ ಹಿಡಿದು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ನೀನು ಹೇಳಿದ ಮೇಲೆ ಸರಿ," ಅಂದರು. ಅವರು ಸುಮ್ಮನಾದದ್ದನ್ನು ಕಂಡು ಉಳಿದವರೂ ಸುಮ್ಮನಾದರು. ಬಿಸಿಬೇಳೆಬಾತ್‌ಗೆ ಉಪ್ಪು ಕಡಿಮೆಯಾಗಿತ್ತು ಎಂಬುದು ಈಗಲೂ ನೆನಪಿದೆ.

ಮುಂದಿನ ವರ್ಷ ಆಸ್ಟಿನ್‌ನ ಒಂದು ಸಮ್ಮೇಳನದಲ್ಲಿ ಅಭಿವೃದ್ಧಿ ಮತ್ತು ಪರಂಪರೆಯ ಸಮತೋಲನ ಎಂಬ ವಿಷಯದ ಮೇಲೆ ಇದೇ ರಸ್ತೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಮಾತನಾಡಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಚಿಕೆಯಿಲ್ಲದೆ ಹಿಗ್ಗಿದೆ. ಅದಾದ ಮೂರನೆಯ ವಾರ ಆಫೀಸಿಗೆ ಆ ವೃದ್ಧೆಯಿಂದ ಒಂದು ಕಾಗದ ಬಂತು, ಕೈಬರಹದ್ದು, ಗೆರೆ ಹಾಳೆಯ ಮೇಲೆ. ಆ ಮೇ ಭಾನುವಾರ ಅವರು ಗುದ್ದಲಿ, ಹೂವು ಹಿಡಿದು ಹೋದರೆ ಸೇಬಿನ ಮರವೂ ಇಲ್ಲ, ಮಕ್ಕಳೂ ಇಲ್ಲ. ಅಲ್ಲಿ ಎರಡಾಳು ಎತ್ತರಕ್ಕೆ ಕಲ್ಲು ಮಣ್ಣು ತುಂಬಿ ಮೇಲೆ ರಸ್ತೆ ಹೋಗಿತ್ತು. "ಹೂವನ್ನು ಎಲ್ಲಿಡಲಿ, ಅಷ್ಟು ಹೇಳಿ ಸಾಕು," ಎಂದು ಬರೆದಿದ್ದರು.

ನನ್ನ ಜಾಗದಲ್ಲಿ ಕುಳಿತು, ವಿಮಾನ ಅಳೆದ ಮೂಲ ಲೆಕ್ಕವನ್ನು ತೆರೆದು, ಸಪಾಟು ಮಾಡಿದ್ದನ್ನು ತೆಗೆದು ನೋಡಿದೆ. ಒಂದೊಂದಾಗಿ ಮೇಲೆದ್ದವು. ಏಳು. ಸಾಲಾಗಿ, ಮೊಳದುದ್ದದವು, ಎಲ್ಲವೂ ಒಂದಡಿಗಿಂತ ಕಡಿಮೆ. ಟಾಯ್ಲೆಟ್‌ಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ವಕೀಲರು ಉತ್ತರ ಬರೆಯಬೇಡಿ ಅಂದರು. ಕಂಪನಿ ಇನ್ನೊಂದು ಫಲಕ ಹಾಕಿಸಿತು. ರಸ್ತೆ ಅಗೆಯುವುದು ಸಾಧ್ಯವಿಲ್ಲವಂತೆ. ಆಂಬುಲೆನ್ಸ್ ಈಗ ಇಪ್ಪತ್ತು ನಿಮಿಷದಲ್ಲಿ ಬರುತ್ತದೆ, ಜನ ಉಳಿಯುತ್ತಾರೆ, ಅದೂ ನಿಜ. ಆ ನಿಜವನ್ನು ಎಷ್ಟು ಸಲ ಹೇಳಿಕೊಂಡರೂ ಊಟ ಸೇರುತ್ತಿರಲಿಲ್ಲ.

ಒಂದು ವರ್ಷ ಮುಚ್ಚಿಟ್ಟುಕೊಂಡು, ಕೊನೆಗೆ ಅಮ್ಮನಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ನನಗಿಂತ ಮೊದಲು ಅಮ್ಮನಿಗೊಂದು ಹೆಣ್ಣುಮಗು ಹುಟ್ಟಿ ಹನ್ನೊಂದು ದಿನಕ್ಕೆ ಹೋಗಿತ್ತು. ನಮ್ಮಲ್ಲಿ ದೊಡ್ಡವರನ್ನು ಸುಡುತ್ತಾರೆ, ಹಸುಗೂಸನ್ನು ಹೂಳುತ್ತಾರೆ. ಅಜ್ಜ ನಾಲೆಯ ಏರಿಯ ಪಕ್ಕ ಎಲ್ಲೋ ಹೂತು ಬಂದರಂತೆ. ಬಾಣಂತಿಯನ್ನು ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ಈಗ ಅಲ್ಲಿ ಬಡಾವಣೆ ಎದ್ದಿದೆ.

"ನಂಗಂತೂ ಜಾಗ ಗೊತ್ತಿಲ್ಲ," ಅಂದರು ಅಮ್ಮ. "ಆ ತಾಯಿಗೆ ಗೊತ್ತಿತ್ತು. ನೀನು ಹೋಗಿ ತೋರಿಸಿ ಬಾ."

"ಏನನ್ನ ತೋರಿಸಲಿ? ಏನೂ ಉಳಿದಿಲ್ಲ."

"ನೀನು ಅಳಿಸೋಕೆ ಮುಂಚೆ ಇತ್ತಲ್ಲ, ಅದನ್ನ."

ಆ ಮಾತು ಕೇಳಿದ ಮೇಲೂ ಹೊರಡಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಆಕೆ ಬೆಟ್ಟ ಬಿಟ್ಟು ಹ್ಯೂಸ್ಟನ್‌ನಲ್ಲಿರುವ ಎರಡನೆಯ ಮಗಳ ಮನೆಗೆ ಶಿಫ್ಟ್ ಆಗಿದ್ದರು. ಬೆಟ್ಟದಲ್ಲಿ ಇನ್ನು ಇರಲು ಕಾರಣವಿಲ್ಲ ಅಂದರಂತೆ. ಹೊರಡುವ ದಿನ ನನ್ನ ಮಗಳು, "ಡು ಯು ವಾಂಟ್ ಮಿ ಟು ಕಮ್?" ಎಂದು ಕೇಳಿದಳು. ಬೇಡ ಅಂದೆ. ಅವಳೆದುರು ತಪ್ಪಿತಸ್ಥಳಾಗಿ ನಿಲ್ಲುವ ಧೈರ್ಯವಿರಲಿಲ್ಲ.

ಬಾಗಿಲು ತೆರೆದವರು ಆಕೆಯೇ. ಕೋಲಿನ ಬದಲು ವಾಕರ್ ಬಂದಿತ್ತು. "ನೀನು ಡಲ್ಲಾಸಿನವಳು," ಅಂದರು, ಕೋಪವಿಲ್ಲದೆ. ಒಳಗೆ ಕೂರಿಸಿ ಐಸ್ ಟೀ ಕೊಟ್ಟರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮಾಪಣೆಯ ಮಾತುಗಳನ್ನು ಬದಿಗಿಟ್ಟೆ. ನಕ್ಷೆ ಬಿಚ್ಚಿ ಮೇಜಿನ ಮೇಲೆ ಹರಡಿ, ಮೂಲೆಗಳಿಗೆ ಲೋಟಗಳನ್ನಿಟ್ಟೆ. ಮೇಲೆ ಗುಡ್ಡದ ಗೆರೆಗಳು, ಕೆಳಗೆ ಏಳು ಸಣ್ಣ ಸುತ್ತುಗಳು.

"ಇವು ಮೊದಲೇ ನನ್ನ ಕಣ್ಣಿಗೆ ಬಿದ್ದಿದ್ದವು," ಅಂದೆ. "ಕಸ ಅಂದುಕೊಂಡು ನಾನೇ ಅಳಿಸಿದೆ."

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೆರಳು ಎಡತುದಿಯಿಂದ ಎಣಿಸುತ್ತ ಬಂದು ಮೂರನೆಯದರ ಮೇಲೆ ನಿಂತಿತು. "ಇದು ನನ್ನ ದೊಡ್ಡ ಮಗಳು." ಬೆರಳು ಅಲ್ಲೇ ಇತ್ತು. "ಎಷ್ಟು ಎತ್ತರ ಬರೆದಿದೆ?"

"ಎಂಟು ಇಂಚು."

"ಮತ್ತೆ, ಎಷ್ಟಿದ್ದರೆ ಕಸ ಅಲ್ಲ ಅಂತ?"

ಸುಳ್ಳು ಹೇಳಲು ಹೊಳೆಯಲಿಲ್ಲ. "ಒಂದಡಿ," ಅಂದೆ.

ಅವರು ತಲೆಯಾಡಿಸಿದರು. ಹೊರಗೆ ಯಾರೋ ಲಾನ್ ಕತ್ತರಿಸುತ್ತಿದ್ದರು. "ಆ ವರ್ಷ ನಂಗೆ ಮಂಡಿ ನೋವು," ಅಂದರು ಮೆಲ್ಲಗೆ. "ಯಾವಾಗಲೂ ನಾಲ್ಕು ಬಕೆಟ್ ಮಣ್ಣು ಹಾಕೋಳು, ಎರಡೇ ಹಾಕಿ ಸಾಕು ಅಂತ ಬಂದ್ಬಿಟ್ಟೆ. ಇನ್ನೆರಡು ಬಕೆಟ್ ಹಾಕಿದ್ದಿದ್ರೆ ಕಾಣಿಸ್ತಿತ್ತು, ಅಲ್ವಾ?"

ಕಾಣಿಸುತ್ತಿತ್ತು. ಒಂದು ಕಂಡಿದ್ದರೂ ಸಾಕಿತ್ತು, ಅಲ್ಲಿಗೆ ಜನ ಕಳಿಸುತ್ತಿದ್ದೆ, ಏಳೂ ಉಳಿಯುತ್ತಿದ್ದವು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು, ಚರ್ಚಿನ ಹಾಲ್‌ನಲ್ಲಿ ನೋಡಿದ ಹಾಗೆಯೇ.

"ಇಲ್ಲ," ಅಂದೆ. "ಎಷ್ಟು ಹಾಕಿದ್ದರೂ ನಾನು ಅಳಿಸುತ್ತಿದ್ದೆ."

ಅವರು ನಂಬಿದರು. ಮೊದಲ ಸಲವೂ ನಂಬಿದ್ದರು.